ನಡುವಿನ ಕಡಲು

ಹೋದ ಸಂಚಿಕೆಯಲ್ಲಿ ಮಂಗಳೂರಿನ ಹಳೆ ಬಂದರಿನ ವಿಚಾರ ಬರೆಯುವಾಗ, ಲಕ್ಷದ್ವೀಪದವರು ಮುಳ್ಳಿಲ್ಲದ ಗಾಳದಿಂದ ಮೀನು ಹಿಡಿಯುತ್ತಾರೆ, ತೆಂಗನ್ನು ಬಿಟ್ಟರೆ ಅವರಿಗೆ ಹೇಳಿಕೊಳ್ಳುವಂಥ ಬೇರೆ ಬೆಳೆಯಿಲ್ಲ ಎಂದು ನಾಲ್ಕು ಸಾಲು ಸೇರಿಸಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ನಾಲ್ಕು ಸಾಲಿನ ಬೆನ್ನು ಹತ್ತಿವೆ. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ತಾಳಿಕೊಳ್ಳಬೇಕು. ಈ ಸಲದ ಪುಟಗಳನ್ನು ಪೂರ್ತಿಯಾಗಿ ದ್ವೀಪಗಳಿಗೆ ಕೊಡುತ್ತಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನನ್ನ ತಂದೆ ಹಳೆ ಬಂದರಿನ ಒಂದು ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ನಾನು 1983ರಿಂದ 1990ರವರೆಗೆ ಕೃಷಿ ವಿಸ್ತರಣೆಯ ಕೆಲಸದಲ್ಲಿ ಅಮಿನಿ, ಕಡಮತ್ ಮತ್ತು ಅಗತ್ತಿ ದ್ವೀಪಗಳಲ್ಲಿದ್ದೆ. ಕೊನೆಯ ಎರಡು ಮಳೆಗಾಲಗಳನ್ನು ಮಿನಿಕಾಯ್‌ನಲ್ಲಿ ಕಳೆದೆ. ಇಲ್ಲಿ ಬರೆಯುವುದು ಆ ಏಳು ವರ್ಷಗಳಲ್ಲಿ ಕಂಡದ್ದು, ಮತ್ತು ಆಮೇಲೆ ಅಲ್ಲಿನ ಗೆಳೆಯರಿಂದ ಕೇಳಿ ತಿಳಿದದ್ದು.

*ಲಕ್ಷದ್ವೀಪಕ್ಕೂ ಮಂಗಳೂರಿಗೂ ಏನು ಸಂಬಂಧ? ನಕ್ಷೆಯಲ್ಲಿ ನೋಡಿದರೆ ಅದು ಕೇರಳದ ಎದುರಿಗಿದೆ. (ಗೃಹಿಣಿ, ದಾವಣಗೆರೆ)*

ನಕ್ಷೆ ಹೇಳುವುದು ಸರಿ. ಅಲ್ಲಿನ ಮಾತೂ ಮಲಯಾಳದ ಒಂದು ಬಗೆ, ಅದನ್ನು ಜಸರಿ ಎನ್ನುತ್ತಾರೆ. ಮಿನಿಕಾಯ್‌ನಲ್ಲಿ ಮಾತ್ರ ಮಾಲ್ದೀವ್ಸ್‌ನವರ ಮಾತಿಗೆ ಹತ್ತಿರವಾದ ಮಹಲ್ ಇದೆ. ಆದರೆ ಉತ್ತರದ ಐದು ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಂದಿನಿಂದ ಅಲ್ಲಿನವರಿಗೆ ಕಚೇರಿ, ಕಟ್ಲೆ, ಸಂತೆ ಎಲ್ಲವೂ ಮಂಗಳೂರು. ನಮ್ಮ ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ 1956ರ ನವೆಂಬರ್ 1ರಂದೇ ಆ ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಕಾಗದದ ಸಂಬಂಧ ಕಡಿದರೂ ವ್ಯಾಪಾರದ ಸಂಬಂಧ ಕಡಿಯಲಿಲ್ಲ. ಈಗಲೂ ಹಳೆ ಬಂದರಿನಿಂದ ಮಂಜಿ ಎಂಬ ಸರಕಿನ ಹಡಗುಗಳು ಜಲ್ಲಿ, ಸಿಮೆಂಟು, ತರಕಾರಿ, ಅಕ್ಕಿ ತುಂಬಿಕೊಂಡು ಆ ಕಡೆಗೆ ಹೊರಡುತ್ತವೆ. ನಾನು ಚಿಕ್ಕವನಿದ್ದಾಗ ಮಳೆಗಾಲ ಮುಗಿದ ಮೇಲೆ ಬರುವ ಮೊದಲ ದ್ವೀಪದ ಓಡವನ್ನು ನೋಡಲು ತಂದೆಯ ಜೊತೆ ಧಕ್ಕೆಗೆ, ಅಂದರೆ ಹಡಗುಕಟ್ಟೆಗೆ, ಹೋಗುತ್ತಿದ್ದೆ. ತೆಂಗಿನ ನಾರಿನ ಹುರಿಯ ಕಟ್ಟುಗಳು, ಕೊಬ್ಬರಿ, ಹೊಗೆ ಹಿಡಿಸಿದ ಒಣಮೀನು ಇವುಗಳ ಬೆರಕೆ ವಾಸನೆ ಗೋದಾಮಿನ ಗೋಡೆಗೇ ಹತ್ತಿಕೊಂಡಿತ್ತು. ದ್ವೀಪದವರು ಅವನ್ನು ಇಳಿಸಿ ಕುಚ್ಚಲಕ್ಕಿ, ಬಟ್ಟೆ, ಈರುಳ್ಳಿ ತುಂಬಿಕೊಳ್ಳುತ್ತಿದ್ದರು.

ಒಬ್ಬ ಮುದುಕರು ನನಗೆ ಇಂದಿಗೂ ನೆನಪಿದ್ದಾರೆ. ತಕ್ಕಡಿಯ ಮೇಲೆ ಇಟ್ಟ ಪ್ರತಿ ಕಟ್ಟಿನ ತೂಕವನ್ನು ತಂದೆ ಎರಡು ಸಲ ಗಟ್ಟಿಯಾಗಿ ಓದಬೇಕಿತ್ತು. ತೂಕದಲ್ಲಿ ಮೋಸವಿರಲಿಲ್ಲ. ಆದರೆ ದರವನ್ನು ಎರಡು ಸಲ ಕೇಳಿ ಆ ಮುದುಕರಿಗೆ ಏನೂ ಆಗುವಂತಿರಲಿಲ್ಲ. ದಲ್ಲಾಳಿ ಹೇಳಿದ್ದೇ ದರ. ದಿನಗಟ್ಟಲೆ ಗಾಳಿಗೆ ಹಾಯಿ ಕೊಟ್ಟು ಬಂದವರು, "ಈ ದರಕ್ಕೆ ಕೊಡುವುದಿಲ್ಲ, ವಾಪಸು ಒಯ್ಯುತ್ತೇನೆ" ಎನ್ನಲು ಸಾಧ್ಯವೇ? ಸರಕನ್ನು ಹಿಂದಕ್ಕೆ ಒಯ್ಯಲಾಗದವನ ಚೌಕಾಸಿಗೆ ಬೆಲೆ ಇರುವುದಿಲ್ಲ. ಆಗ ನನಗೆ ಹತ್ತು ವರ್ಷ. ಅದರ ಅರ್ಥ ತಿಳಿದದ್ದು ಅಗತ್ತಿಗೆ ಹೋದ ಮೇಲೆ.

*ಲಕ್ಷದ್ವೀಪದ ಸುತ್ತ ನಾಲ್ಕು ಲಕ್ಷ ಚದರ ಕಿಲೋಮೀಟರ್ ಕಡಲು ಭಾರತದ ಹಕ್ಕಿನಲ್ಲಿದೆ ಎಂದು ಓದಿದ್ದೇನೆ. ಇಷ್ಟು ದೊಡ್ಡ ಕಡಲು ಇಟ್ಟುಕೊಂಡು ಅವರು ಇನ್ನೂ ಬಿದಿರಿನ ಕೋಲು ಹಿಡಿದು ಒಂದೊಂದೇ ಮೀನು ಎತ್ತುತ್ತಿದ್ದಾರೆ. ಹಿಂಡನ್ನೇ ಸುತ್ತುವ ದೊಡ್ಡ ಬಲೆಯ ಪರ್ಸೀನ್ ಬೋಟುಗಳನ್ನು ಕೊಟ್ಟರೆ ಒಂದೇ ವರ್ಷದಲ್ಲಿ ಬಡತನ ಹೋಗುವುದಿಲ್ಲವೇ? (ಬೋಟಿನ ಮಾಲೀಕರು, ಮಲ್ಪೆ)*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ಆ ಕೋಲಿನ ಮೀನುಗಾರಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬೇಕು. 1986ರ ಜನವರಿಯ ಒಂದು ಬೆಳಿಗ್ಗೆ ಅಗತ್ತಿಯಲ್ಲಿ ನಾನೂ ಒಂದು ದೋಣಿ ಹತ್ತಿದ್ದೆ. ನಾವು ನೇರವಾಗಿ ಕಡಲಿಗೆ ಹೋಗಲಿಲ್ಲ. ಮೊದಲು ಹೋದದ್ದು ಹವಳದ ದಿಬ್ಬಗಳ ಒಳಗಿನ ಹಿನ್ನೀರಿಗೆ, ಅಂದರೆ ಲಗೂನಿಗೆ. ಅಲ್ಲಿ ಕಿರುಬೆರಳಿಗಿಂತಲೂ ಸಣ್ಣ ಮೀನುಗಳನ್ನು ಬಲೆಯಲ್ಲಿ ಎತ್ತಿ, ಗಾಯವಾಗದಂತೆ ದೋಣಿಯ ನಡುವಿನ ತೊಟ್ಟಿಗೆ ಸುರಿದರು. ಆ ತೊಟ್ಟಿಯ ತಳದಲ್ಲಿ ತೂತುಗಳಿವೆ. ಕಡಲಿನ ನೀರೇ ಒಳಗೆ ಬಂದು ಹೊರಗೆ ಹೋಗುತ್ತ ಮೀನನ್ನು ಜೀವಂತವಾಗಿಡುತ್ತದೆ. ಇದು ಎರೆಮೀನು. ಎರೆ ಸಿಗದ ದಿನ ದೋಣಿ ದಡದಲ್ಲೇ ಇರುತ್ತದೆ, ಹೊರಗಿನ ಕಡಲಲ್ಲಿ ಎಷ್ಟೇ ಮೀನಿದ್ದರೂ.

ಆಮೇಲೆ ಹವಳದ ಬೇಲಿ ದಾಟಿ, ಹಕ್ಕಿಗಳು ಎಲ್ಲಿ ಎರಗುತ್ತಿವೆ ಎಂದು ನೋಡುತ್ತ ಹೋದೆವು. ಹುಡುಕುತ್ತಿದ್ದದ್ದು ಟ್ಯೂನಾ. ನಮ್ಮ ಕರಾವಳಿಯವರು ಕೇದರ್ ಎನ್ನುವ ಮೀನಿನ ಬಳಗದ್ದು. ದ್ವೀಪದವರು ಅದನ್ನು ಚೂರ ಎನ್ನುತ್ತಾರೆ. ಮೀನಿನ ಹಿಂಡು ಕಂಡಾಗ ಒಬ್ಬ ಎರೆಮೀನನ್ನು ಬೊಗಸೆಯಲ್ಲಿ ತೂರಿದ, ಇನ್ನೊಬ್ಬ ದೋಣಿಯ ಹಿಂಬದಿಯಿಂದ ನೀರು ಎರಚಿದ. ನೀರಿನ ಹನಿ ಬೀಳುವುದನ್ನು ಸಣ್ಣ ಮೀನಿನ ಹಿಂಡು ಎಂದು ತಿಳಿದು ಟ್ಯೂನಾಗಳು ಹುಚ್ಚೆದ್ದು ನುಗ್ಗುತ್ತವೆ. ಹಿಂಬದಿಯ ಹಲಗೆಯ ಮೇಲೆ ಸಾಲಾಗಿ ನಿಂತ ಏಳೆಂಟು ಮಂದಿ ಕೋಲು ಬೀಸಿದರು. ಮೀನುಗಳು ತಲೆಯ ಮೇಲಿಂದ ಹಾರಿ ಬಂದು ದೋಣಿಯೊಳಗೆ ಧಡ್ ಧಡ್ ಎಂದು ಬಿದ್ದವು. ಅರ್ಧ ಗಂಟೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಇದನ್ನು ಕಂಡವರು "ಒಂದೊಂದೇ ಮೀನು" ಎಂದು ಹಗುರವಾಗಿ ಹೇಳಲಾರರು.

ಈ ವಿದ್ಯೆ ಮೊದಲು ಮಿನಿಕಾಯ್‌ನವರ ಹತ್ತಿರ ಮಾತ್ರ ಇತ್ತು. 1960ರ ದಶಕದಲ್ಲಿ ಮೀನುಗಾರಿಕೆ ಇಲಾಖೆ ಯಂತ್ರದ ದೋಣಿಗಳನ್ನು ತಂದು, ಮಿನಿಕಾಯ್‌ನ ಮೀನುಗಾರರಿಂದಲೇ ಬೇರೆ ದ್ವೀಪದವರಿಗೆ ಕಲಿಸಿತು. ಸರ್ಕಾರ ಮಾಡಿದ ಕೆಲಸಗಳಲ್ಲಿ ನಾನು ಮನಸ್ಸು ತುಂಬಿ ಮೆಚ್ಚುವ ಕೆಲಸ ಇದು. ಹೊಸದಾಗಿ ಕೊಟ್ಟದ್ದು ಎಂಜಿನ್ ಮಾತ್ರ. ವಿದ್ಯೆ ಅವರದೇ ಆಗಿತ್ತು, ಗುರುವೂ ಅವರವನೇ ಆಗಿದ್ದ.

ಈಗ ಪರ್ಸೀನ್ ವಿಚಾರ. ಅದು ಹಿಂಡನ್ನು ಹಿಂಡಾಗಿಯೇ ಸುತ್ತುತ್ತದೆ, ಮರಿಯನ್ನೂ ಬಿಡುವುದಿಲ್ಲ. ಬೂತಾಯಿ, ಬಂಗುಡೆಗಳ ವಿಷಯದಲ್ಲಿ ಕರಾವಳಿಯಲ್ಲಿ ಏನಾಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಕು ಹಾಯಿಸಿ ಹಿಡಿಯುವುದನ್ನು 2017ರಲ್ಲಿ ಕೇಂದ್ರ ಸರ್ಕಾರವೇ ನಿಷೇಧಿಸಬೇಕಾಯಿತು. ಇನ್ನೊಂದು ಮಾತೂ ಇದೆ. ಅಗತ್ತಿಯ ಒಂದು ದೋಣಿ ಎಂಟು ಹತ್ತು ಮನೆಗಳಿಗೆ ಪಾಲು ಕೊಡುತ್ತದೆ. ಅದೇ ಮೀನನ್ನು ಒಂದು ದೊಡ್ಡ ಬೋಟು ಹಿಡಿದರೆ ಅಷ್ಟು ಮನೆಗಳಿಗೆ ಕೆಲಸ ಎಲ್ಲಿಂದ ಬರುತ್ತದೆ?

ಇವೆರಡಕ್ಕಿಂತ ಮುಖ್ಯವಾದ ಕಾರಣವನ್ನು ಈಗ ಹೇಳುತ್ತೇನೆ. ಆ ದಿನ ನಾವು ತುಂಬಿದ ದೋಣಿಯಲ್ಲಿ ದಡಕ್ಕೆ ಬಂದಾಗ ಇನ್ನೂ ಹತ್ತಾರು ದೋಣಿಗಳು ತುಂಬಿ ಬಂದಿದ್ದವು. ಮಂಜುಗಡ್ಡೆ ಇರಲಿಲ್ಲ. ಟ್ಯೂನಾ ಬೇರೆ ಮೀನಿನಂತಲ್ಲ. ಅದರ ಮೈ ಬಿಸಿ, ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಹಿಸ್ಟಮಿನ್ ಎಂಬ ವಿಷಾಂಶ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಬೇಯಿಸಿದರೂ ಹೋಗುವುದಿಲ್ಲ. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಕತ್ತಿ ಹಿಡಿದು ಕುಳಿತರು. ಕಡಾಯಿಗಳೆಲ್ಲ ತುಂಬಿದವು. ಮರುದಿನ ಕಡಲಲ್ಲಿ ಮೀನಿತ್ತು, ದೋಣಿಗಳು ಹೋಗಲಿಲ್ಲ. ಹಿಡಿದು ಏನು ಮಾಡುವುದು?

ಅಂದರೆ ಅಲ್ಲಿ ಕೊರತೆ ಇದ್ದದ್ದು ಮೀನಿಗಲ್ಲ, ಹಿಡಿಯುವ ಕೈಗೂ ಅಲ್ಲ. ದೋಣಿ ದಡ ಮುಟ್ಟಿದ ಕ್ಷಣದಿಂದ ಮಂಗಳೂರಿನ ತಕ್ಕಡಿಯವರೆಗಿನ ದಾರಿಯಲ್ಲಿ ಕೊರತೆ ಇತ್ತು. ಐಸ್ ಪ್ಲಾಂಟ್, ತಂಪು ಕೋಣೆ, ಹೇಳಿದ ದಿನಕ್ಕೆ ಬರುವ ಹಡಗು, ಇಷ್ಟು ಇಲ್ಲದ ಕಡೆ ನೀವು ಹತ್ತು ಪರ್ಸೀನ್ ಕೊಟ್ಟರೆ ಕೊಳೆಯುವ ಮೀನು ಹತ್ತು ಪಟ್ಟಾಗುತ್ತದೆ. ಆಗಿನಿಂದ ಈಗಿನವರೆಗೆ ಐಸ್ ಪ್ಲಾಂಟುಗಳು ಬಂದಿವೆ. 1969ರಲ್ಲೇ ಮಿನಿಕಾಯ್‌ನಲ್ಲಿ ಟ್ಯೂನಾ ಡಬ್ಬಿ ಕಾರ್ಖಾನೆ ಶುರುವಾಗಿತ್ತು. ಆದರೂ ಒಳ್ಳೆಯ ಮೀನು ಸಿಗುವ ವಾರದಲ್ಲಿ ಗೆಳೆಯರು ಫೋನಿನಲ್ಲಿ ಹೇಳುವುದು ಮಂಜುಗಡ್ಡೆ ಸಾಲದು ಎಂಬ ಮಾತನ್ನೇ.

ನೆರೆಯ ಮಾಲ್ದೀವ್ಸ್ ಇದೇ ಕೋಲಿನ ಮೀನುಗಾರಿಕೆಯನ್ನು ಬಿಡದೆ ಹಿಡಿದುಕೊಂಡಿತು. ಕಡಲಿಗೆ ಹಾನಿ ಮಾಡದ ಮೀನುಗಾರಿಕೆ ಎಂದು 2012ರಲ್ಲಿ ಅದಕ್ಕೆ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ (ಎಂ.ಎಸ್.ಸಿ.) ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿತು. ಯುರೋಪಿನ ಅಂಗಡಿಗಳಲ್ಲಿ "ಕೋಲು ಗಾಳದಿಂದ ಹಿಡಿದದ್ದು" ಎಂದು ಡಬ್ಬಿಯ ಮೇಲೆ ಬರೆದೇ ಮಾರುತ್ತಾರೆ. ನಾವು ಹಳೆಯದು ಎಂದು ಕನಿಕರಪಡುವ ಕೋಲೇ ಅಲ್ಲಿ ಮೀನಿನ ಮಾನ ಹೆಚ್ಚಿಸಿದೆ.

ಎರೆಮೀನಿನ ಬಗ್ಗೆ ಒಂದು ಮಾತು ಉಳಿಯಿತು. ಅದು ಬದುಕುವುದು ಹವಳದ ಆಸರೆಯಲ್ಲಿ. ಕಡಲಿನ ನೀರು ಕಾದು ಹವಳ ಬಿಳಿಚಿಕೊಳ್ಳುವುದನ್ನು 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪ ಕಂಡಿದೆ. ಧಕ್ಕೆಗಾಗಿ ಲಗೂನನ್ನು ಅಗೆಯುವಾಗ, ಮರಳು ತೆಗೆಯುವಾಗ, ಇದು ಮೀನುಗಾರನ ಬೀಜದ ಕಣಜ ಎಂಬ ಎಚ್ಚರ ಇರಬೇಕು. ಬಿತ್ತನೆ ಬೀಜವನ್ನು ಸುಟ್ಟು ರೈತನಿಗೆ ಟ್ರ್ಯಾಕ್ಟರ್ ಕೊಡುವವರನ್ನು ನಾವು ಏನೆನ್ನುತ್ತೇವೆ?

*ನಾನು ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರ. ಅಲ್ಲಿ ಗೊಬ್ಬರ ಹಾಕದೆ ಮರಳಿನಲ್ಲಿ ತೆಂಗು ಬೆಳೆಯುತ್ತಾರಂತೆ, ನಿಜವೇ? ಹತ್ತು ಎಕರೆ ತೋಟ ಕೊಂಡು ಅಥವಾ ಗುತ್ತಿಗೆಗೆ ಹಿಡಿದು ವೈಜ್ಞಾನಿಕವಾಗಿ ಬೆಳೆದು ತೋರಿಸಬೇಕೆಂಬ ಆಸೆಯಿದೆ.*

ಕೊಳ್ಳುವ ಆಸೆಯನ್ನು ಬಿಟ್ಟುಬಿಡಿ. ದ್ವೀಪದಲ್ಲಿ ಹುಟ್ಟಿದ ಜನ ಪರಿಶಿಷ್ಟ ಪಂಗಡಕ್ಕೆ ಸೇರಿದವರು, ಅವರ ನೆಲವನ್ನು ಹೊರಗಿನವರು ಕೊಳ್ಳುವಂತಿಲ್ಲ. ಹೋಗಿ ಇಳಿಯುವುದಕ್ಕೂ ಪರವಾನಗಿ ಬೇಕು. ಇನ್ನು ಹತ್ತು ಎಕರೆ ಒಂದೇ ಕಡೆ ಎಂಬುದೂ ಅಲ್ಲಿ ದೊಡ್ಡ ಮಾತು. ಜನವಸತಿಯಿರುವ ಹತ್ತು ದ್ವೀಪಗಳೂ, ಇಲ್ಲದವೂ ಸೇರಿ ಇಡೀ ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರ್. ಬಿತ್ರ ದ್ವೀಪವನ್ನು ನಾನು ಬೆಳಗಿನ ಚಹಾ ಆರುವುದರೊಳಗೆ ಸುತ್ತಿ ಬಂದಿದ್ದೇನೆ.

ಅಲ್ಲಿ ಆಸ್ತಿಗೆ ವಾರದ ಹೆಸರಿದೆ. ತಾಯಿಯ ಕಡೆಯಿಂದ ಬಂದ ಕುಟುಂಬದ ಆಸ್ತಿ ಶುಕ್ರವಾರದ್ದು, ಸ್ವಂತ ದುಡಿಮೆಯದ್ದು ಸೋಮವಾರದ್ದು. ಶುಕ್ರವಾರದ ಮರವನ್ನು ಒಬ್ಬನು ಮಾರುವಂತಿಲ್ಲ, ಫಲವನ್ನು ಮನೆಯವರೆಲ್ಲ ಅನುಭವಿಸಬೇಕು. ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ಹೊಸದಲ್ಲ. ಸಾಲ ಕೊಡುವವರು ಇದನ್ನು ಅರ್ಥ ಮಾಡಿಕೊಳ್ಳುವುದಿಲ್ಲ. ಆಧಾರಕ್ಕೆ ಪಹಣಿ ಕೇಳುತ್ತಾರೆ. ಮರವಿದ್ದೂ ಮರದ ಮೇಲೆ ಸಾಲ ಹುಟ್ಟದ ಮನೆಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಗೊಬ್ಬರದ ವಿಷಯ ನಿಜ. ಹವಳ ಪುಡಿಯಾಗಿ ಆದ ಮರಳು ಅದು, ಸುಣ್ಣವೇ ಸುಣ್ಣ. ಸೊಪ್ಪು, ಮೀನಿನ ತ್ಯಾಜ್ಯ, ತೆಂಗಿನ ಗರಿಯ ಕೊಳೆತ, ಇಷ್ಟೇ ಅದರ ಊಟ. 2020ರಲ್ಲಿ ಇಡೀ ಪ್ರದೇಶವನ್ನು ಸಾವಯವ ಎಂದು ಘೋಷಿಸಲಾಗಿದೆ. ಕಾಯಿ ಸಣ್ಣದು, ಎಣ್ಣೆಯಂಶ ಹೆಚ್ಚು. ನಿಮ್ಮ ತೋಟದಲ್ಲೂ ದ್ವೀಪದ ರಕ್ತ ಇರಬಹುದು. ಚಂದ್ರಕಲ್ಪ ಎಂಬ ತಳಿ ಲಕ್ಷದ್ವೀಪದ ಸಾಮಾನ್ಯ ತೆಂಗಿನಿಂದಲೇ ಆರಿಸಿ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು 1985ರಲ್ಲಿ ಬಿಡುಗಡೆ ಮಾಡಿದ್ದು.

ವೈಜ್ಞಾನಿಕವಾಗಿ ತೋರಿಸುವುದಕ್ಕೆ ಹೋದ ನನ್ನಂಥವರಿಗೆ ಅಲ್ಲಿನ ಇಲಿಗಳು ಮೊದಲ ಪಾಠ ಕಲಿಸಿದವು. ಇಲ್ಲಿ ನಾವು ಕಾಂಡಕ್ಕೆ ತಗಡು ಸುತ್ತಿದರೆ ಇಲಿ ಹತ್ತುವುದಿಲ್ಲ. ಅಲ್ಲಿ ಮರಗಳು ಎಷ್ಟು ಒತ್ತಾಗಿವೆ ಎಂದರೆ ಗರಿಗೆ ಗರಿ ತಾಗಿರುತ್ತದೆ. ಒಂದು ಮರ ಹತ್ತಿದ ಇಲಿ ನೆಲಕ್ಕೆ ಇಳಿಯದೆ ದ್ವೀಪದ ಆ ತುದಿಗೆ ಹೋಗಬಲ್ಲದು. ಬೆಳಿಗ್ಗೆ ಮರದ ಕೆಳಗೆ ತೂತು ಬಿದ್ದ ಮಿಡಿಗಳ ರಾಶಿ. ಹಿಂದೆ ಊರಿನ ಗಂಡಸರೆಲ್ಲ ಸೇರಿ ಇಲಿಬೇಟೆಗೆ ಹೊರಡುವುದು ಕಡ್ಡಾಯವಾಗಿತ್ತು. ಒಬ್ಬನ ತೋಟದಲ್ಲಿ ಮಾತ್ರ ಇಲಿ ಹಿಡಿದು ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಿತ್ತು. ಔಷಧದ ಪೊಟ್ಟಣ ಮನೆಮನೆಗೆ ಹಂಚಿದ ನಮಗೆ ಗೊತ್ತಿರಲಿಲ್ಲ.

ಒಂದು ವ್ಯತ್ಯಾಸ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ದರ ಬಿದ್ದರೆ ನೀವು ಉಂಡೆ ಕೊಬ್ಬರಿಯನ್ನು ಅಟ್ಟದ ಮೇಲೆ ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳುತ್ತೀರಿ. ಅಲ್ಲಿ ಮಾಡುವುದು ಹೋಳು ಕೊಬ್ಬರಿ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಓಡುವುದಿಲ್ಲ. ಆ ತೇವದಲ್ಲಿ ಹೋಳಿಗೆ ಬೂಷ್ಟು ಹಿಡಿಯುತ್ತದೆ. 2025ರ ಹಂಗಾಮಿಗೆ ಹೋಳು ಕೊಬ್ಬರಿಗೆ ಕ್ವಿಂಟಾಲಿಗೆ 11,582 ರೂಪಾಯಿ, ಉಂಡೆಗೆ 12,100 ರೂಪಾಯಿ ಬೆಂಬಲ ಬೆಲೆ ಎಂದು ಕೇಂದ್ರ ಘೋಷಿಸಿತು. ಆ ಬೆಲೆ ದ್ವೀಪದ ಧಕ್ಕೆಯಲ್ಲಿ ತೂಕ ಮಾಡಿ ಕೊಟ್ಟರೆ ಮಾತ್ರ ಬೆಂಬಲ. ಸಾಗಿಸುವ ಖರ್ಚನ್ನು ಬೆಳೆಗಾರನೇ ಹೊತ್ತರೆ ಅದು ಪತ್ರಿಕೆಯಲ್ಲಿ ಅಚ್ಚಾದ ಬೆಲೆ, ಅಷ್ಟೇ.

*ದ್ವೀಪದವರು ತರಕಾರಿಯನ್ನೂ ಮಂಗಳೂರಿನಿಂದ ತರಿಸುತ್ತಾರೆ ಎಂದು ಬರೆದಿದ್ದೀರಿ. ಕೊಳವೆಬಾವಿ, ಹನಿ ನೀರಾವರಿ ಮಾಡಿ ಅಲ್ಲೇ ಬೆಳೆಯಬಹುದಲ್ಲವೇ? (ಕೃಷಿ ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)*

ಮಗಳೇ, ಇದೇ ಪ್ರಶ್ನೆಯನ್ನು ನಿನ್ನ ವಯಸ್ಸಿನಲ್ಲಿ ನಾನೂ ಕೇಳಿಕೊಂಡೆ. ಕೇಳಿಕೊಂಡು ಸುಮ್ಮನಿರಲಿಲ್ಲ.

ಹವಳದ ದ್ವೀಪದಲ್ಲಿ ಮಳೆನೀರು ಮರಳಿನ ಮೂಲಕ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಪಾಯಸದ ಮೇಲೆ ತುಪ್ಪ ನಿಂತ ಹಾಗೆ ಎಂದುಕೊ. ಪುಸ್ತಕದ ಲೆಕ್ಕದಲ್ಲಿ ಕಡಲಿನ ಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ. ಇದರ ಅರ್ಥ, ಮೇಲಿನಿಂದ ಒಂದು ಅಡಿ ಎಳೆದರೆ ಕೆಳಗಿನಿಂದ ಉಪ್ಪುನೀರು ನಲವತ್ತು ಅಡಿ ಏರಬಹುದು. ಇದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆದರೂ 1984ರಲ್ಲಿ ಒಂದು ದ್ವೀಪದಲ್ಲಿ ಮೂರು ಮನೆಯವರನ್ನು ಒಪ್ಪಿಸಿ, ಸಣ್ಣ ಡೀಸೆಲ್ ಪಂಪು ಕೊಡಿಸಿ, ಬದನೆ, ಮೆಣಸು, ಬಸಳೆ ಹಾಕಿಸಿದೆ. ಮೊದಲ ಬೇಸಿಗೆ ಬೆಳೆ ಚೆನ್ನಾಗಿ ಬಂತು. ವರದಿಯಲ್ಲಿ ಫೋಟೋ ಸಹಿತ ಬರೆದೆ. ಎರಡನೆಯ ಬೇಸಿಗೆಯ ಏಪ್ರಿಲ್‌ನಲ್ಲಿ ಆ ಮೂರರಲ್ಲಿ ಒಂದು ಮನೆಯ ಅಜ್ಜಿ ನನ್ನನ್ನು ಕರೆಸಿ, ಬಾವಿಯಿಂದ ನೀರು ಸೇದಿ, ಲೋಟದಲ್ಲಿ ಕೊಟ್ಟರು. ಏನೂ ಹೇಳಲಿಲ್ಲ. ನಾನು ಕುಡಿದೆ. ಗಂಜಿಗೆ ಬೇರೆ ಉಪ್ಪು ಬೇಡ, ಅಷ್ಟು ಉಪ್ಪಿತ್ತು. ಪಂಪನ್ನು ಅಂದೇ ಬಿಚ್ಚಿಸಿದೆ. ಆ ಬಾವಿ ಮತ್ತೆ ಕುಡಿಯುವ ಹಾಗಾಗಲು ಎರಡು ಮಳೆಗಾಲ ಬೇಕಾಯಿತು. ಅಷ್ಟು ದಿನ ಆ ಮನೆಯ ಹೆಣ್ಣುಮಕ್ಕಳು ದೂರದ ಬಾವಿಯಿಂದ ನೀರು ಹೊತ್ತರು. ಅಜ್ಜಿ ನನ್ನನ್ನು ಒಂದು ದಿನವೂ ಬೈಯಲಿಲ್ಲ ಎಂಬುದು ನನಗೆ ಇವತ್ತಿಗೂ ಭಾರವಾಗಿಯೇ ಇದೆ.

ಹಾಗಾದರೆ ಏನೂ ಬೆಳೆಯುವುದಿಲ್ಲವೇ? ಬೆಳೆಯುತ್ತದೆ, ಅವರ ಹಿರಿಯರು ಬೆಳೆದ ಹಾಗೆ. ಕೆಲವು ದ್ವೀಪಗಳ ನಡುವೆ ನೆಲವನ್ನು ತಗ್ಗಾಗಿ ಅಗೆದು, ಬೇರು ತೇವವನ್ನು ತಾನೇ ಮುಟ್ಟುವಂತೆ ಮಾಡಿದ ತೋಟಗಳಿವೆ. ನೀರನ್ನು ಮೇಲೆತ್ತುವ ಬದಲು ಗಿಡವನ್ನೇ ಕೆಳಗಿಳಿಸಿದ್ದಾರೆ. ಎಷ್ಟು ತಲೆಮಾರುಗಳ ಬೆವರು ಅದರಲ್ಲಿದೆ ಎಂದು ಆ ತಗ್ಗಿನ ಅಂಚಿನಲ್ಲಿ ನಿಂತಾಗ ಅನ್ನಿಸುತ್ತದೆ. ಅಲ್ಲಿ ಬಾಳೆ, ಕೆಸು ಬರುತ್ತವೆ. ನುಗ್ಗೆ ಬರುತ್ತದೆ. ಕರಾವಳಿಯಲ್ಲಿ ಜೀಗುಜ್ಜೆ ಎನ್ನುವ ದೀವಿ ಹಲಸು ಸೊಗಸಾಗಿ ಬರುತ್ತದೆ. ದೀವಿ ಎಂದರೆ ದ್ವೀಪವೇ ಅಲ್ಲವೇ, ಮರ ತನ್ನ ಊರಿನ ಹೆಸರನ್ನು ಇಟ್ಟುಕೊಂಡಿದೆ. ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಹಿತ್ತಿಲಿಗೆ ಹನಿಯಾಗಿ ಕೊಡಬಹುದು. ಕುಡಿಯುವ ನೀರಿಗೆ 2005ರಲ್ಲಿ ಕವರತ್ತಿಯಲ್ಲಿ ಕಡಲಿನ ನೀರನ್ನು ಸಿಹಿಯಾಗಿಸುವ ಘಟಕ ಬಂತು, 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೆ ಬಂತು. ಮೇಲಿನ ಬೆಚ್ಚಗಿನ ಮತ್ತು ಆಳದ ಕೊರೆಯುವ ನೀರಿನ ಶಾಖದ ಅಂತರವನ್ನೇ ಬಳಸುವ ಯಂತ್ರ ಅದು. ಬಾವಿಗಳ ಮೇಲಿನ ಭಾರ ಅಷ್ಟರಮಟ್ಟಿಗೆ ಇಳಿಯಿತು.

ನೀನು ಓದು ಮುಗಿಸಿ ಎಲ್ಲಿಗಾದರೂ ಕೆಲಸಕ್ಕೆ ಹೋದರೆ, ಮೊದಲ ಬೇಸಿಗೆಯ ಫಲವನ್ನು ವರದಿಯಲ್ಲಿ ಬರೆಯಬೇಡ. ಎರಡನೆಯ ಬೇಸಿಗೆ ಕಳೆಯಲಿ.

*ನಮ್ಮ ಸ್ವಸಹಾಯ ಸಂಘದ ಹದಿನಾಲ್ಕು ಮಂದಿ ಒಣಮೀನು ಮಾರುತ್ತೇವೆ. ಲಕ್ಷದ್ವೀಪದ ಮಾಸ್ ಮೀನನ್ನು ಅಲ್ಲಿನ ಹೆಂಗಸರಿಂದ ನೇರವಾಗಿ ತರಿಸಬಹುದೇ? ಅದರ ಗುಣ ನೋಡುವುದು ಹೇಗೆ? (ಉಳ್ಳಾಲ)*

ಇದಕ್ಕೆ ಉತ್ತರ ಬರೆಯುವಾಗ ಮನಸ್ಸಿಗೆ ಹಿತವಾಯಿತು, ತಾಯಂದಿರೇ. ಖಂಡಿತ ತರಿಸಬಹುದು. ಮಿನಿಕಾಯ್, ಅಗತ್ತಿಗಳಲ್ಲಿ ಮಾಸ್ ಮಾಡುವವರು ಹೆಚ್ಚು. ಟ್ಯೂನಾದ ತಲೆ, ಕರುಳು ತೆಗೆದು, ಉದ್ದಕ್ಕೆ ಸೀಳಿ, ಸಮುದ್ರದ ನೀರಿನಲ್ಲೇ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆ ಹಿಡಿಸಿ, ದಿನಗಟ್ಟಲೆ ಬಿಸಿಲಿಗೆ ಒಣಗಿಸುತ್ತಾರೆ. ಐದಾರು ಕಿಲೋ ಹಸಿಮೀನು ಒಂದು ಕಿಲೋ ಮಾಸ್ ಆಗುತ್ತದೆ. ಆದ್ದರಿಂದ ದರ ಕೇಳಿ ಗಾಬರಿಯಾಗಬೇಡಿ. ಬೇಯಿಸಿದ ನೀರನ್ನೂ ಅವರು ಚೆಲ್ಲುವುದಿಲ್ಲ. ಮಿನಿಕಾಯ್‌ನಲ್ಲಿ ಅದನ್ನು ಬತ್ತಿಸಿ ರಿಹಾಕುರು ಎಂಬ ಗಟ್ಟಿ ರಸ ಮಾಡುತ್ತಾರೆ. ಬಿಸಿ ಅನ್ನಕ್ಕೆ ಒಂದು ಚಮಚ ಸಾಕು.

ಒಳ್ಳೆಯ ಮಾಸ್ ಕಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಎರಡು ತುಂಡನ್ನು ಒಂದಕ್ಕೊಂದು ತಟ್ಟಿದರೆ ಟಕ್ ಎನ್ನಬೇಕು. ಮುರಿದಾಗ ಒಳಗೆ ಕೆಂಪು ಕಂದು ಬಣ್ಣವಿರಬೇಕು. ಮೆತ್ತಗಿದ್ದರೆ, ಬಿಳಿ ಬೂಷ್ಟಿದ್ದರೆ, ನಾಲಿಗೆಗೆ ಇಟ್ಟಾಗ ಚುರುಗುಟ್ಟಿದರೆ ಬೇಡ.

ಒಂದು ಬೇಡಿಕೆ. ಮಂಜಿ ಬಂದ ದಿನ ದರ ಕಡಿಮೆ ಮಾಡಿಸಬೇಡಿ. ಸೆಪ್ಟೆಂಬರ್‌ನಲ್ಲೇ ವರ್ಷದ ದರ, ತಿಂಗಳಿಗೆ ಇಷ್ಟು ಕಿಲೋ ಎಂದು ಮಾತಾಡಿಕೊಳ್ಳಿ, ಸ್ವಲ್ಪ ಮುಂಗಡ ಕೊಡಿ. ಆ ಮುಂಗಡದಲ್ಲಿ ಅವರು ಒಣಗಿಸುವ ಚಪ್ಪರಕ್ಕೆ ಬಲೆ ಹಾಕಿಕೊಳ್ಳುತ್ತಾರೆ, ನೊಣ ಕೂರದ ಮಾಲು ನಿಮಗೆ ಬರುತ್ತದೆ. ಲಕ್ಷದ್ವೀಪ ಸಹಕಾರ ಮಾರಾಟ ಮಂಡಳಕ್ಕೂ ಒಂದು ಪತ್ರ ಬರೆಯಿರಿ.

*2011ರ ಜನಗಣತಿಯ ಪ್ರಕಾರ ಲಕ್ಷದ್ವೀಪದಲ್ಲಿ 64,473 ಜನ. ನಮ್ಮ ಮೈಸೂರಿನ ಕೆಲವು ಬಡಾವಣೆಗಳಷ್ಟು. ಇಷ್ಟು ಜನಕ್ಕಾಗಿ ಹಡಗು, ನೀರು, ಅಕ್ಕಿ ಎಂದು ಎಷ್ಟು ಸಹಾಯಧನ? ಪ್ರವಾಸೋದ್ಯಮಕ್ಕೆ ಬಿಟ್ಟುಕೊಟ್ಟು, ಮೀನು, ತೆಂಗು ಎಂದು ಒದ್ದಾಡುವುದನ್ನು ನಿಲ್ಲಿಸಬಾರದೇ? (ನಿವೃತ್ತ ಬ್ಯಾಂಕ್ ಅಧಿಕಾರಿ)*

ನಿಮ್ಮ ಬಡಾವಣೆಗೆ ರಸ್ತೆ ಬಂದಾಗ ಅದನ್ನು ಯಾರೂ ಸಹಾಯಧನ ಎನ್ನಲಿಲ್ಲ, ಸ್ವಾಮಿ. ದ್ವೀಪದವರಿಗೆ ಹಡಗೇ ರಸ್ತೆ. ನನ್ನ ವಿನಂತಿ ಇಷ್ಟೇ, ಅದನ್ನು ಬ್ಯಾಂಕಿನ ಖಾತೆಯ ಆ ಬದಿಯಿಂದ ಈ ಬದಿಗೆ ಬರೆದುಕೊಳ್ಳಿ.

ಪ್ರವಾಸಿಗರು ಬರಲಿ, ಬೇಡ ಎಂದವನು ನಾನಲ್ಲ. ಆದರೆ ಒಬ್ಬ ಪ್ರವಾಸಿ ಸ್ನಾನಕ್ಕೆ ಬಳಸುವ ನೀರು ಯಾವ ಬಾವಿಯದು ಎಂದು ಮೇಲಿನ ಉತ್ತರದಲ್ಲಿ ಓದಿದ್ದೀರಿ. ಬಿರುಗಾಳಿ ಬಂದರೆ ಪ್ರವಾಸಿ ಟಿಕೆಟ್ ರದ್ದು ಮಾಡುತ್ತಾನೆ. 2017ರ ಡಿಸೆಂಬರ್‌ನಲ್ಲಿ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ಹೊಡೆದಾಗ ತೆಂಗುಗಳು ಸಾಲುಸಾಲಾಗಿ ಮಲಗಿದವು. ಉಳಿದ ಮರದ ಕೆಳಗೆ ಹೊಸ ಸಸಿ ಇಟ್ಟವರು ಅಲ್ಲಿ ಇರಲೇಬೇಕಾದವರು. ಆ ಸಸಿ ಕಾಯಿ ಬಿಡುವವರೆಗಿನ ಏಳೆಂಟು ವರ್ಷ ಮನೆ ನಡೆಸಿದ್ದು ಮೀನು. ಮೀನು ಇಲ್ಲದ ಮಳೆಗಾಲ ಮನೆ ನಡೆಸುವುದು ತೆಂಗು. ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡಿದೆ. ಇವೆರಡನ್ನೂ ಬಿಡಿಸಿ ಹೋಟೆಲಿನ ತಟ್ಟೆ ತೊಳೆಯುವ ಕೆಲಸ ಕೊಡುವುದನ್ನು ನಾನು ಅಭಿವೃದ್ಧಿ ಎನ್ನಲಾರೆ.

ಖರ್ಚು ಎಲ್ಲಿ ಆಗಬೇಕು ಎಂಬ ಬಗ್ಗೆ ನಿಮ್ಮ ಜೊತೆ ಜಗಳವಿಲ್ಲ. ದೋಣಿ, ಬಲೆ, ಸಸಿ, ಪಂಪು ಹಂಚುವುದು ಸುಲಭ, ಫೋಟೋ ಬರುತ್ತದೆ. ನಾನೇ ಹಂಚಿದ್ದೇನೆ. ಅವರ ಕೈಗೆ ಬರುವ ಕೆಲಸವನ್ನು ಅವರಿಗೆ ಬಿಟ್ಟು, ಕೈಗೆ ಎಟುಕದ ಕಡೆ ದುಡ್ಡು ಹಾಕಬೇಕು. ಮಂಜುಗಡ್ಡೆ ಎಟುಕುವುದಿಲ್ಲ. ಹಡಗಿನ ವೇಳೆ ಎಟುಕುವುದಿಲ್ಲ. ಪೇಟೆಯ ದರ ಎಟುಕುತ್ತಿರಲಿಲ್ಲ. ಆ ಕೊನೆಯದು ಮಾತ್ರ ಈಗ ಬದಲಾಗುತ್ತಿದೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ದ್ವೀಪಗಳಿಗೆ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾಯಿತು. ಹೋದ ಮಾಗಿಯಲ್ಲಿ ಅಗತ್ತಿಯ ಗೆಳೆಯರೊಬ್ಬರ ಮಗ ಮಂಜಿಗೆ ಮಾಸ್ ಏರಿಸುವ ಮೊದಲು ನನಗೆ ವಿಡಿಯೋ ಕರೆ ಮಾಡಿದ. ನಾನು ಬಂದರಿನ ಮೂರು ಅಂಗಡಿಗಳಿಗೆ ಹೋಗಿ ಮೊಬೈಲನ್ನು ತಕ್ಕಡಿಯ ಎದುರು ಹಿಡಿದು, ಮೂವರೂ ಹೇಳಿದ ದರವನ್ನು ಅವನಿಗೇ ಕೇಳಿಸಿದೆ. ಅವನು ಯೋಚಿಸಿ, "ಈ ಮಂಜಿಗೆ ಅರ್ಧ ಮಾತ್ರ ಕಳಿಸುತ್ತೇನೆ" ಎಂದ. ತಂದೆಯವರ ಗೋದಾಮಿನ ಗೋಡೆ ಈಗ ಇಲ್ಲ, ಅಲ್ಲಿ ಬೇರೆ ಕಟ್ಟಡ ಬಂದಿದೆ. ಅದರ ಎದುರಿಗೇ ನಿಂತು ಆ ಮಾತು ಕೇಳಿದೆ.

*ನಾನು ಕಾರ್ಕಳದಲ್ಲಿ ಏಳನೇ ತರಗತಿ ಓದುತ್ತಿದ್ದೇನೆ. ಗಾಳಕ್ಕೆ ಮುಳ್ಳು ಇಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲವೇ?*

ತಪ್ಪಿಸಿಕೊಳ್ಳುತ್ತದೆ ಮರಿ, ದಾರ ಸಡಿಲವಾದರೆ. ಅದಕ್ಕೇ ಅವರು ಸಡಿಲ ಬಿಡುವುದಿಲ್ಲ. ಮೀನು ಕಚ್ಚಿದ ಕ್ಷಣದಿಂದ ತಲೆಯ ಮೇಲೆ ಹಾರುವವರೆಗೆ ದಾರ ಬಿಗಿಯಾಗಿಯೇ ಇರುತ್ತದೆ. ಬೆನ್ನ ಹಿಂದೆ ಹೋದಾಗ ಕೋಲನ್ನು ಸ್ವಲ್ಪ ಮುಂದಕ್ಕೆ ಬಾಗಿಸುತ್ತಾರೆ, ದಾರ ಸಡಿಲವಾಗುತ್ತದೆ, ಮೀನು ತಾನಾಗಿ ಕಳಚಿ ದೋಣಿಗೆ ಬೀಳುತ್ತದೆ. ಕೈಯಲ್ಲಿ ಬಿಡಿಸುವ ಕೆಲಸವೇ ಇಲ್ಲ, ಗಾಳ ಆಗಲೇ ಮತ್ತೆ ನೀರಿನಲ್ಲಿರುತ್ತದೆ. ನಾನು ಅಂದು ಮೂರು ಸಲ ಬೀಸಿದೆ. ಮೂರು ಸಲವೂ ದಾರ ಸಡಿಲವಾಯಿತು. ನಾಲ್ಕನೆಯ ಸಲ ದೋಣಿಯ ಕಾಕ ನನ್ನ ಹಿಂದೆ ನಿಂತು, ನನ್ನ ಎರಡೂ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಬೀಸಿಸಿದರು. ಆ ಮೀನು ಬಂತು.